ಹಳ್ಳಿಯೊಳಗ ವೈರ್‌ಲೆಸ್ ನೆಟ್ ನಡಸಾವ್ರು ಯಾರರ ಇದ್ರ ಹೇಳ್ರಿ: ಸಂಜಿಗೆ ಸ್ಲೋ, ಸಿಡ್ಲಿಗೆ ರೇಡಿಯೋ ಹೋಗೂದು, ಮುಂದ ಫೈಬರಾ ಟವರಾ?

ತಿಕೋಟಾ_ಕಡೆಯಂವ

ಎಲ್ಲಾರಿಗೂ ನಮಸ್ಕಾರ್ರಿ. ವಿಜಯಪುರ ಜಿಲ್ಲಾದಾಗ ತಿಕೋಟಾ-ಬಬಲೇಶ್ವರ ಭಾಗದ ಐದು ಹಳ್ಳಿಗೆ ನಾ ವೈರ್‌ಲೆಸ್ ನೆಟ್ ಕೊಡ್ತೀನಿ, ಲೈಸೆನ್ಸ್ ಇರೋ ಐಎಸ್‌ಪಿ (ಇಂಟರ್ನೆಟ್ ಕೊಡೋ ಕಂಪನಿ) ಕೆಳಗ ಫ್ರಾಂಚೈಸಿ. ಗಿರಾಕಿ ಸುಮಾರು ನೂರಾನಲವತ್ತು, ಅರ್ಧಕ್ಕರ್ಧ ಊರೊಳಗಿನ ಮನಿ, ಉಳಿದದ್ದು ದ್ರಾಕ್ಷಿ ತೋಟದಾಗ ಇರೋ ಮನಿಗಳು. ಮೇನ್ ಟವರ್‌ಗೆ 300 ಎಂಬಿಪಿಎಸ್ ಲೀಸ್ಡ್ ಲೈನ್ (ನಮಗಷ್ಟ ಮೀಸಲಿಟ್ಟ ಬಾಡಿಗಿ ಲೈನ್) ಬಂದೈತಿ, ಅಲ್ಲಿಂದ ಪಾಯಿಂಟ್ ಟು ಪಾಯಿಂಟ್ ಡಿಶ್ ಹಾಕಿ ಉಳಿದ ನಾಕೂ ಊರಿಗೆ ಒಯ್ದೀನಿ, ಪ್ರತಿ ಊರಾಗ ಸೆಕ್ಟರ್ ಆಂಟೆನಾ (ಒಂದು ದಿಕ್ಕಿನ ಭಾಳ ಮನಿಗೆ ಒಮ್ಮೆಲೆ ಸಿಗ್ನಲ್ ಕೊಡೋದು), ಎಲ್ಲಾ 5 ಗಿಗಾಹರ್ಟ್ಸ್.

ತ್ರಾಸು ಏನಂದ್ರ, ಸಂಜಿ ಏಳರಿಂದ ಹತ್ತರ ತನಕ ಫೋನ್ ಮ್ಯಾಲ ಫೋನ್, "ರೀ ಯೂಟ್ಯೂಬ್ ತಿರಗಾಕತ್ತೈತಿ" ಅಂತ. ಮೇನ್ ರೂಟರ್ ಗ್ರಾಫ್ ನೋಡಿದ್ರ 190-200 ದಾಟಂಗಿಲ್ಲ, ಅಂದ್ರ ಲೈನ್ ಪೂರ್ತಿ ತುಂಬೂದ ಇಲ್ಲ, ಆದ್ರೂ ಸ್ಲೋ. ಮ್ಯಾಲಿನ ಐಎಸ್‌ಪಿಯವ್ರಿಗೆ ಹೇಳಿದ್ರ ನಮ್ಮ ಕಡೆ ಎಲ್ಲಾ ಸರಿ ಐತಿ, ಬೇಕಾದ್ರ 500ಕ್ಕ ಅಪ್‌ಗ್ರೇಡ್ ಮಾಡ್ಕೊರಿ ಅಂತಾರ. ಎರಡನೇದು ಸಿಡ್ಲು. ಏಪ್ರಿಲ್-ಮೇದಾಗ ಮಳಿಗಿಂತ ಮೊದಲ ಗುಡುಗು ಬರ್ತೈತೆಲ್ಲಾ, ಆವಾಗ ರೇಡಿಯೋದ ಲ್ಯಾನ್ ಪೋರ್ಟ್ ಸುಟ್ಟು ಹೋಗತಾವ, ಟವರ್‌ಗೆ ನೇರ ಬೀಳದಿದ್ರೂ ಹೋಗತಾವ. ಮೂರನೇದು ವಸೂಲಿ, ದ್ರಾಕ್ಷಿ ಬೆಳಿಯಾವ್ರು ಒಣದ್ರಾಕ್ಷಿ ಮಾರಿದ ಮ್ಯಾಲ ಒಮ್ಮೆಲೆ ಕೊಡ್ತೀವಿ ಅಂತಾರ, ಸುಳ್ಳು ಹೇಳಾವ್ರಲ್ಲ, ಕೊಡ್ತಾರ, ಆದ್ರ ಲೀಸ್ಡ್ ಲೈನ್ ಬಿಲ್ ನಾ ತಿಂಗಳಾ ತಿಂಗಳಾ ಕಟ್ಟಬೇಕು.

ಈಗ ಕೈಯಾಗ ಸ್ವಲ್ಪ ರೊಕ್ಕ ಐತಿ. ಆರನೇ ಊರಾವ್ರು ಬರ್ರಿ ಬರ್ರಿ ಅಂತ ಕರೀಯಾಕತ್ತಾರ, ಅಲ್ಲೆ ಟವರ್ ಹಾಕ್ಲ್ಯಾ, ಇಲ್ಲಾ ಇರೋ ಊರಾಗ ಫೈಬರ್ ಎಳೀಲ್ಯಾ? ದೊಡ್ಡ ಕಂಪನಿಗಳ ಏರ್‌ಫೈಬರ್ (ತಂತಿ ಇಲ್ಲದ ಮನಿಗೆ ಕೊಡೋ ನೆಟ್) ತಿಕೋಟಾ ತನಕ ಬಂದೈತಿ, ಅದಕ್ಕ ಕೇಳಾಕತ್ತೀನಿ. ಅನುಭವ ಇದ್ದಾವ್ರು ಹೇಳ್ರಿ.

ಜಮಖಂಡಿ_ಟವರ್

ಅಣ್ಣಾ, 500ಕ್ಕ ಅಪ್‌ಗ್ರೇಡ್ ಮಾಡಬ್ಯಾಡ್ರಿ, ಈಗ ಇರೋ 300 ತುಂಬಾಕತ್ತಿಲ್ಲ ಅಂದ ಮ್ಯಾಲ ಇನ್ನಾ 200 ತಗೊಂಡು ಏನ್ ಮಾಡ್ತೀರಿ. ಲೈನ್ ಕಡಿಮಿ ಬಿದ್ರ ಗ್ರಾಫ್ ಮ್ಯಾಲೆ ಹೋಗಿ ಕತ್ತರಿಸಿದಂಗ ಸಪಾಟಾಗಿ ನಿಂದ್ರತೈತಿ. ನಿಮ್ಮದು ಹಂಗ ನಿಂತಿಲ್ಲ, ಅಂದ್ರ ಗಂಟು ಇರೋದು ಸೆಕ್ಟರ್‌ನ್ಯಾಗ, ಏರ್‌ಟೈಮ್ ಮುಗಿಯಾಕತ್ತೈತಿ.

ಇದನ್ನ ಬಿಡಿಸಿ ಹೇಳ್ತೀನಿ ಯಾಕಂದ್ರ ನಮ್ಮ ಕಡೆ ಭಾಳ ಮಂದಿ ಇಲ್ಲೇ ರೊಕ್ಕ ಕಳೀತಾರ. ಒಂದ ಸೆಕ್ಟರ್ ಮ್ಯಾಲಿರೋ ಗಿರಾಕಿಗಳೆಲ್ಲಾ ಪಾಳಿ ಪ್ರಕಾರ ಮಾತಾಡಬೇಕು, ಒಬ್ಬಂವ ಮಾತಾಡೋವಾಗ ಉಳಿದಾವ್ರು ಸುಮ್ನ ಇರಬೇಕು. ಹಳೇ ಎನ್ (802.11n ವೈಫೈ) ರೇಡಿಯೋ, 20 ಮೆಗಾಹರ್ಟ್ಸ್ ಚಾನೆಲ್, ಎರಡು ಸ್ಟ್ರೀಮ್ ಅಂತ ಹಿಡೀರಿ. ಸಿಗ್ನಲ್ ಛಲೋ ಇದ್ದಂವ 130 ಎಂಬಿಪಿಎಸ್ ರೇಟ್‌ನ್ಯಾಗ ಕೆಲಸ ಮಾಡ್ತಾನ. ಬೇವಿನ ಗಿಡದ ಹಿಂದಿದ್ದಂವ, ಮೈನಸ್ 80 ಡಿಬಿಎಂ ಸಿಗ್ನಲ್‌ನಂವ (ಮೈನಸ್ ಮುಂದಿನ ಅಂಕಿ ದೊಡ್ಡದಾದಂಗ ಸಿಗ್ನಲ್ ಕೆಟ್ಟ), 13ಕ್ಕ ಇಳೀತಾನ. ಅದ ಯೂಟ್ಯೂಬ್ ವಿಡಿಯೋ ನೋಡಾಕ ಈ ಎರಡನೇದಾಂವ ಹತ್ತು ಪಟ್ಟು ಹೊತ್ತು ತಿಂತಾನ. ಇಂಥಾವ್ರು ಇಬ್ರು-ಮೂವರು ಇದ್ರ ಸಾಕು, ಟವರ್ ಬಾಜೂಕ ಇದ್ದ ಮನಿಯಾವ್ರಿಗೂ ಸ್ಲೋ ಆಗತೈತಿ. ಅವ್ರು ನಿಮಗ ಬೈತಾರ, ನೀವು ಮ್ಯಾಲಿನವ್ರಿಗೆ ಬೈತೀರಿ, ಕಾರಣ ಮಾತ್ರ ಆ ಬೇವಿನ ಗಿಡ.

ಹಂಗಾಗಿ ಇವತ್ತ ಸಂಜಿ ಎಂಟಕ್ಕ ಒಂದೊಂದ ಸೆಕ್ಟರ್ ತಗದು ರಜಿಸ್ಟ್ರೇಶನ್ ಟೇಬಲ್ (ಯಾವ ಮನಿ ರೇಡಿಯೋ ಎಷ್ಟು ಸಿಗ್ನಲ್‌ನ್ಯಾಗ ಐತಿ ಅನ್ನೋ ಪಟ್ಟಿ) ನೋಡ್ರಿ. ಸಿಗ್ನಲ್ ಮೈನಸ್ 70ಕ್ಕಿಂತ ಕೆಟ್ಟ ಇರೋ ಹೆಸರು ಬರಕೊಳ್ರಿ. ಆ ಮನಿಗೆ ಹೋಗಿ ಪೈಪ್ ಎತ್ತರ ಮಾಡ್ರಿ, ಇಲ್ಲಾ ಸಣ್ಣ ಪ್ಯಾನೆಲ್ ತಗದು ಡಿಶ್ ಹಾಕ್ರಿ. ಆಗಂಗಿಲ್ಲ ಅಂದ್ರ ಕೈಮುಗದು ಕನೆಕ್ಷನ್ ಬಿಡಸ್ರಿ, ಒಬ್ಬರ ಸಲುವಾಗಿ ಮೂವತ್ತು ಮನಿ ಹಾಳ ಆಗಬಾರ್ದು. ಟವರ್ ಕಣ್ಣಿಗೆ ಕಾಣತೈತಿ ಅಂದ್ರ ಮುಗೀತು ಅಂತ ತಿಳೀಬ್ಯಾಡ್ರಿ. 5.8ನಾಗ 6 ಕಿಲೋಮೀಟರ್ ಲಿಂಕ್‌ಗೆ ನಟ್ಟನಡುವ ಫ್ರೆಸ್ನೆಲ್ ವಲಯ (ನೇರ ಗೆರಿ ಸುತ್ತ ಸಿಗ್ನಲ್ ಹಾಯಾಕ ಬೇಕಾಗೋ ಜಾಗಾ) ಸುಮಾರು 8.8 ಮೀಟರ್ ತ್ರಿಜ್ಯ ಇರತೈತಿ, ಅದರಾಗ ಕಡಿಮಿ ಅಂದ್ರೂ ನೂರಕ್ಕ ಅರವತ್ತು ಭಾಗ, ಅಂದ್ರ 5 ಮೀಟರ್ ಮ್ಯಾಲ, ಖಾಲಿ ಇರಬೇಕು. ಬ್ಯಾಸಿಗ್ಯಾಗ ಎಲಿ ಉದುರಿದಾಗ ಹಾಕಿದ ಲಿಂಕ್ ಮಳಿಗಾಲದಾಗ ಬೀಳೂದು ಇದಕ್ಕ, ಹಸಿ ಎಲಿ ಅಂದ್ರ ನೀರ, ನೀರು 5 ಗಿಗಾಹರ್ಟ್ಸ್ ನುಂಗತೈತಿ.

ಇನ್ನೊಂದು, ಚಾನೆಲ್ ಅಗಲ. 80 ಮೆಗಾಹರ್ಟ್ಸ್ ಹಾಕಿದ್ರ ಸ್ಪೀಡ್ ಟೆಸ್ಟ್ ಛಲೋ ಕಾಣತೈತಿ ಅಂತ ಎಲ್ಲಾರೂ 80 ಹಾಕ್ತಾರ, ಅಗಲ ಡಬಲ್ ಆದಂಗ 3 ಡಿಬಿ ನಾಯ್ಸ್ (ಗದ್ದಲ, ಅಂದ್ರ ಎರಡು ಪಟ್ಟು) ಹೆಚ್ಚು ಒಳಗ ಬರ್ತೈತಿ. ಸೆಕ್ಟರ್‌ಗೆ 20, ಬ್ಯಾಕ್‌ಹಾಲ್‌ಗೆ (ಟವರ್‌ನಿಂದ ಟವರ್‌ಗೆ ಹೋಗೋ ಲಿಂಕ್) 40, ಅಷ್ಟ. ಸರ್ಕಾರ 2018ರ ಅಕ್ಟೋಬರ್‌ನ್ಯಾಗ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದ ಬಿಟ್ಟೈತಿ, ಜಾಗಾ ಕಡಿಮಿ ಇಲ್ಲ, ಆದ್ರ ಎಲ್ಲಾರೂ 5.8ನಾಗ ಹೋಗಿ ಕುಂತಾರ. ಅಲ್ಲೆ ಆಂಟೆನಾ ಗೇನ್ ಕೂಡಿಸಿ 36 ಡಿಬಿಎಂ, ಅಂದ್ರ 4 ವಾಟ್ ಮಿತಿ. ಪವರ್ ಫುಲ್ ಇಡೋದರಿಂದ ಏನೂ ಉಪಯೋಗ ಇಲ್ಲ, ಬಾಜೂ ಊರಿನ ಇನ್ನೊಬ್ಬ ಆಪರೇಟರ್‌ಗೆ ಗದ್ದಲ ಆಗತೈತಿ, ಆಂವ ತನ್ನ ಪವರ್ ಏರಸ್ತಾನ, ತಿರುಗಿ ನಿಮಗ ಗದ್ದಲ. ನಾವು ಇಲ್ಲೆ ಜಮಖಂಡಿ-ತೇರದಾಳ ಕಡೆ ಆಪರೇಟರ್‌ಗಳೆಲ್ಲಾ ಕುಂತು ಯಾರು ಯಾವ ಚಾನೆಲ್ ಅಂತ ಹಂಚಗೊಂಡೀವಿ. ಈಗ ದೊಡ್ಡ ಕಂಪನಿಗಳೂ ಕೆಲವು ಕಡೆ ಇದ ಅನ್‌ಲೈಸೆನ್ಸ್ಡ್ ಬ್ಯಾಂಡ್ ರೇಡಿಯೋ ಮನಿಗೆ ಹಾಕಾಕತ್ತಾರ, ಅದಕ್ಕ ನಾವ್ ನಾವ್ ಕೂಡಿ ಇದ್ರ ಛಲೋ.

ಬೀಳಗಿ_ಹಿನ್ನೀರು

ಸಿಡ್ಲಿನ ಬಗ್ಗೆ ನಾ ಹೇಳ್ತೀನ್ರಿ. ನೇರ ಬಿದ್ದ ಸಿಡ್ಲಿಗೆ ಯಾರೂ ಏನೂ ಮಾಡಾಕ ಆಗಂಗಿಲ್ಲ. ನಿಮ್ಮ ಪೋರ್ಟ್ ಸುಡೋದು ಸನೇದಾಗ ಬಿದ್ದಾಗ ಕೇಬಲ್‌ನ್ಯಾಗ ಹುಟ್ಟೋ ಸರ್ಜ್‌ನಿಂದ, ಅದನ್ನ ತಡೀಬಹುದು. ಮೊದಲ ಕೇಳ್ರಿ, ಟವರ್‌ಗೆ ಬ್ಯಾರೆ ಅರ್ಥಿಂಗ್, ರೂಮಿನ ಕರೆಂಟ್‌ಗೆ ಬ್ಯಾರೆ ಅರ್ಥಿಂಗ್ ಐತ್ಯಾ? ಭಾಳ ಕಡೆ ಹಂಗ ಇರತೈತಿ. ಸಿಡ್ಲು ಬಿದ್ದಾಗ ಎರಡೂ ಕಡೆ ನೆಲದ ವೋಲ್ಟೇಜ್ ಬ್ಯಾರೆ ಬ್ಯಾರೆ ಆಗಿ, ಆ ಫರಕ್ ನಿಮ್ಮ ಲ್ಯಾನ್ ಕೇಬಲ್ ಒಳಗಿಂದ ಹಾಯ್ತೈತಿ. ಎರಡನ್ನೂ ದಪ್ಪ ತಾಮ್ರದ ತಂತಿಯಿಂದ ಜೋಡಸ್ರಿ, ಎಲ್ಲಾ ಒಂದ ಅರ್ಥ್ ಆಗಬೇಕು. ಆಮ್ಯಾಲ ಶೀಲ್ಡ್ ಇರೋ ಕೇಬಲ್, ಮ್ಯಾಲೂ ಕೆಳಗೂ ಸರ್ಜ್ ಪ್ರೊಟೆಕ್ಟರ್.

ನಿಮ್ದು ಎರಿ ಭೂಮಿ, ಅಲ್ಲೇ ಇನ್ನೊಂದು ಸೂಕ್ಷ್ಮ ಐತಿ. ಎರಿ ಹಸಿ ಇದ್ದಾಗ ಅರ್ಥಿಂಗ್ ಭಾಳ ಛಲೋ. ಆದ್ರ ಏಪ್ರಿಲ್‌ನ್ಯಾಗ ನೆಲಾ ಕೈ ಹೋಗುವಷ್ಟು ಬಿರಕ ಬಿಟ್ಟಿರತೈತಿ, ರಾಡ್ ಸುತ್ತ ಮಣ್ಣು ಸರದು ಸಂದಿ ಬಿದ್ದಿರತೈತಿ, ಸಿಡ್ಲು ಬರೋದೂ ಅವಾಗ. ಮಳಿಗಾಲದಾಗ ಟೆಸ್ಟ್ ಮಾಡಿ ಸರಿ ಐತಿ ಅಂದ್ರ ಆಗಂಗಿಲ್ಲ, ಮಾರ್ಚ್ ಕೊನೀಗೆ ಅರ್ಥ್ ಟೆಸ್ಟರ್ ಹಚ್ಚಿ ನೋಡ್ರಿ, 10 ಓಮ್‌ಗಿಂತ ಕೆಳಗ ಇರಬೇಕು. ಉಪ್ಪು ಇದ್ದಲಿ ಹಾಕೂದು ಹಳೇ ಪದ್ಧತಿ, ಉಪ್ಪು ರಾಡ್ ತಿಂದು ಹಾಕ್ತೈತಿ, ಬೆಂಟೋನೈಟ್ ಪುಡಿ ಹಾಕ್ರಿ, ಹಸಿ ಹಿಡಕೊಂಡಿರತೈತಿ. ಬ್ಯಾಸಿಗ್ಯಾಗ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕೂದು ಟವರ್ ಇರೋ ಮನಿಯಾವ್ರಿಗೆ ಹೇಳಿ ಇಟ್ರ ಅವರ ಮಾಡ್ತಾರ. ಬಾದಾಮಿ ಕಡೆ ಕಲ್ಲು ನೆಲದಾಗ ಆದ್ರ ಒಂದ ರಾಡ್‌ಗೆ ಆಗಂಗಿಲ್ಲ, ಮೂರು-ನಾಕು ಹುಗದು ಜೋಡಿಸಬೇಕು. (ಅಲ್ಲೆ ಮಂಗ್ಯಾಗಳೂ ಅದಾವ, ಕೇಬಲ್ ಪಿವಿಸಿ ಪೈಪ್ ಒಳಗ ಹಾಕದಿದ್ರ ಕಡದು ಹಾಕ್ತಾವ.)

ಮೇನ್ ಟವರ್‌ಗೆ ಮಾತ್ರ ಒಂದು ಖರ್ಚು ಮಾಡ್ರಿ. ರೂಮಿನಿಂದ ಟವರ್ ತುದಿಗೆ ಲ್ಯಾನ್ ಕೇಬಲ್ ಬ್ಯಾಡ, ಫೈಬರ್ ಒಯ್ರಿ, ಕರೆಂಟ್‌ಗೆ ಬ್ಯಾರೆ ಡಿಸಿ ವೈರ್, ಅದಕ್ಕ ಡಿಸಿ ಸರ್ಜ್ ಪ್ರೊಟೆಕ್ಟರ್, ತುದಿಗೆ ಡಬ್ಬಿಯೊಳಗ ಎಸ್‌ಎಫ್‌ಪಿ (ಫೈಬರ್ ಚುಚ್ಚೋ ಪೋರ್ಟ್) ಇರೋ ಸಣ್ಣ ಸ್ವಿಚ್. ಗಾಜಿನ ಎಳಿಯೊಳಗ ಕರೆಂಟ್ ಹರಿಯಂಗಿಲ್ಲಲ್ರಿ. ಸಿಡ್ಲು ಹೊಡದ್ರೂ ಮ್ಯಾಲಿನದ್ದು ಹೋಗಬಹುದು, ಕೆಳಗ ಮೇನ್ ರೂಟರ್ ಉಳೀತೈತಿ. ರೂಟರ್ ಉಳದ್ರ ಉಳಿದ ಊರು ಚಾಲೂ ಇರತಾವ.

ಆರನೇ ಊರು ಕೃಷ್ಣಾ ದಂಡಿ ಕಡೆ ಇದ್ರ ಇದೂ ಕೇಳ್ರಿ. ನಮ್ಮ ಒಂದು ಲಿಂಕ್ ಕೊರ್ತಿ-ಕೊಲ್ಹಾರ ಸೇತುವೆ ಬಾಜೂಕ ಹಿನ್ನೀರು ದಾಟಿ ಹೋಗತೈತಿ. ಬ್ಯಾಸಿಗ್ಯಾಗ ಏನೂ ತ್ರಾಸಿಲ್ಲ. ಆಲಮಟ್ಟಿ ತುಂಬಿ 519.60 ಮೀಟರ್ ಹತ್ರ ಬಂತು ಅಂದ್ರ ಸಿಗ್ನಲ್ ಏರಿಳಿತಾ ಶುರು, ಗಾಳಿ ಇಲ್ಲದ ಸಂಜಿಗೆ ಭಾಳ. ನೀರಿನ ಮೈ ಕನ್ನಡಿಯಂಗ ಸಿಗ್ನಲ್ ತಿರುಗಿಸಿ ಕಳಸತೈತಿ, ನೇರ ಬಂದದ್ದೂ ತಿರುಗಿ ಬಂದದ್ದೂ ಕೂಡಿ ಒಂದನ್ನೊಂದು ಕೊಲ್ಲತಾವ. ಅಲ್ಲೆ ಟವರ್ ಎತ್ತರ ಮಾಡಿದ್ರ ಉಪಯೋಗ ಆಗಲಿಲ್ಲ, ಒಂದು ಬದಿ ಆಂಟೆನಾ ಕೆಳಗ ಇಳಿಸಿ, ಮುಂದಿನ ದಿಬ್ಬ ಆ ತಿರುಗಿ ಬರೋ ಸಿಗ್ನಲ್‌ಗೆ ಅಡ್ಡ ಆಗೂವಂಗ ಮಾಡಿ, ದೊಡ್ಡ ಡಿಶ್ ಹಾಕಿದ ಮ್ಯಾಲ ನಿಂತಿತು.

ಅಥಣಿ_ಕೇಬಲ್

ನಾ ಮೊದಲ ಟಿವಿ ಕೇಬಲ್ ನಡಸ್ತಿದ್ದೆ, ಈಗ ಫೈಬರ್ ವೈರ್‌ಲೆಸ್ ಎರಡೂ. ನನ್ನ ಮಾತು ಕೇಳ್ರಿ, ಆರನೇ ಊರಿಗೆ ಹೋಗಬ್ಯಾಡ್ರಿ ಈಗ. ಇರೋ ಐದೂರಾಗ ಮನಿ ಒತ್ತೊತ್ತಾಗಿ ಇರೋ ಜಾಗಾದಾಗ ಫೈಬರ್ ಎಳೀರಿ, ತೋಟದ ವಸ್ತಿಗೆ ವೈರ್‌ಲೆಸ್ ಇರ್ಲಿ. ಊರಾಗಿನ ಎಪ್ಪತ್ತು ಮನಿ ಫೈಬರ್‌ಗೆ ಹೋದ್ರ ಜಮಖಂಡಿ ಅಣ್ಣಾವ್ರು ಹೇಳಿದ ಏರ್‌ಟೈಮ್ ತಾನ ಬಿಡುವಾಗತೈತಿ, ತೋಟದಾವ್ರಿಗೂ ಸ್ಪೀಡ್ ಬರ್ತೈತಿ, ಒಂದ ಖರ್ಚಿನ್ಯಾಗ ಎರಡು ಕೆಲಸ. ಏರ್‌ಫೈಬರ್ ಬರ್ತೈತಿ ಅಂತ ಹೆದರಬ್ಯಾಡ್ರಿ, ಅದು 2023ರಾಗ ದೊಡ್ಡ ಊರಿಂದ ಶುರು ಆಗಿ ಈಗ ನಮ್ಮ ಕಡೆ ಬರಾಕತ್ತೈತಿ, ನಿಮ್ಮ ಮಂದಿಯೂ ಸ್ವಲ್ಪ ಹೋಗ್ತಾರ. ಆದ್ರ ರಾತ್ರಿ ಒಂಬತ್ತಕ್ಕ ನೆಟ್ ಹೋದ್ರ ಕಸ್ಟಮರ್ ಕೇರ್‌ಗೆ ಹಚ್ಚಿ ಕುಂಡ್ರಬೇಕು, ನಿಮಗ ಆದ್ರ ಓಣಿಯೊಳಗ ನಿಂತು ಕೂಗಿದ್ರ ಬರ್ತೀರಿ. ಗ್ರಾಮ ಒನ್ ಕೇಂದ್ರ, ಹಾಲಿನ ಡೇರಿ, ಸೊಸೈಟಿ, ಬ್ಯಾಂಕ್ ಮಿತ್ರ, ಇವ್ರಿಗೆ ಒಂದು ತಾಸು ನೆಟ್ ಇಲ್ಲಂದ್ರ ಮಂದಿ ಪಾಳಿ ಹಚ್ಚಿ ನಿಂತಿರತಾರ, ಅವ್ರನ್ನ ಮೊದಲ ಫೈಬರ್ ಮ್ಯಾಲ ತರ್ರಿ.

ಫೈಬರ್ ಲೆಕ್ಕ ಸರಳ ಐತಿ. ಜಿಪಾನ್ ಓಎಲ್‌ಟಿ (ಒಂದು ಫೈಬರ್ ಎಳಿಯನ್ನ ಭಾಳ ಮನಿಗೆ ಹಂಚೋ ಮೇನ್ ಪೆಟಗಿ) ಒಂದು ಪೋರ್ಟ್‌ಗೆ 64 ಮನಿ ತನಕ ಒಡೀಬಹುದು, ನಾ ಮಾತ್ರ 32ಕ್ಕ ನಿಂದ್ರಸ್ತೀನಿ, ಮನಿಯಾಗ ಫೈಬರ್ ಬೆಳಕಿನ ಪವರ್ ಮೈನಸ್ 25 ಡಿಬಿಎಂಗಿಂತ ಕೆಳಗ ಇಳೀಬಾರ್ದು. ಖರೆ ತ್ರಾಸು ಕಂಬದ್ದು, ಕಬ್ಬಿನ ಟ್ರ್ಯಾಕ್ಟರ್‌ದು. ಲೈಟಿನ ಕಂಬಕ್ಕ ಕಟ್ಟೋದಾದ್ರ ಪರವಾನಗಿ ಬರವಣಿಗಿನ್ಯಾಗ ತಗೊರಿ, ಲೈನ್‌ಮನ್ ಕಡೆ ಬಾಯಿಮಾತಿಂದ ಕಟ್ಟಬ್ಯಾಡ್ರಿ, ಕರೆಂಟ್ ತಂತಿಗೆ ಸನೇದಾಗಂತೂ ಬ್ಯಾಡ ಬ್ಯಾಡ. ನವೆಂಬರ್‌ದಿಂದ ಫೆಬ್ರುವರಿ-ಮಾರ್ಚ್ ತನಕ ಎರಡೆರಡು ಟ್ರಾಲಿ ಹಚ್ಚಿದ ಟ್ರ್ಯಾಕ್ಟರ್ ತುಂಬ ಕಬ್ಬು ಹೇರ್ಕೊಂಡು ಬರ್ತಾವ, ರಸ್ತಾ ದಾಟೋ ಕೇಬಲ್ ಸ್ವಲ್ಪ ಜೋತ ಬಿದ್ದಿದ್ರ ಕಬ್ಬಿನ ಸೋಗಿಗೆ ಸಿಕ್ಕು ಎಳಕೊಂಡು ಹೋಗತಾವ, ಡ್ರೈವರ್‌ಗೆ ಗೊತ್ತೂ ಆಗಂಗಿಲ್ಲ, ಹಾಡು ಹಚ್ಚಿರತಾನ. ನಾ ಪ್ರತಿ ದಸರಾ ಮುಗದ ಕೂಡ್ಲೆ ರಸ್ತಾ ದಾಟೋ ಜಾಗಾ ಎಲ್ಲಾ ನೋಡಿ ಬಿಗಿ ಮಾಡಸ್ತೀನಿ. ನೆಲದಾಗ ಹಾಕಿದ್ರ ಅದು ಬ್ಯಾರೆ, ಜಲ ಜೀವನ ಮಿಷನ್ ಪೈಪ್ ಹಾಕಾಕ ಜೆಸಿಬಿ ಬಂದಾಗ ಕೇಬಲ್ ಹೋತು ಅಂತ ತಿಳೀರಿ, ಪಿಡಿಓ ಅವ್ರನ್ನ ಕೇಳಿ ಯಾವ ಓಣಿ ಯಾವಾಗ ಅಗೀತಾರ ಅಂತ ಮೊದಲ ತಿಳಕೊರಿ.

ವಸೂಲಿ ಬಗ್ಗೆ. ಪ್ರೀಪೇಡ್ ಮಾಡ್ರಿ ಅಂತ ಎಲ್ಲಾರೂ ಹೇಳ್ತಾರ, ನೌಕರಿ ಇದ್ದಾವ್ರಿಗೆ ಮಾಡ್ರಿ. ರೈತನ ಕೈಯಾಗ ರೊಕ್ಕ ಇರೋದು ವರ್ಷಕ್ಕ ಒಂದೆರಡು ಸಲ. ಕಬ್ಬು ಕಳಿಸಿದ 14 ದಿನದಾಗ ಬಿಲ್ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ, ಆದ್ರೂ ಎಂದು ಬರ್ತೈತಿ ಅಂತ ರೈತ ಹೇಳಾಕ ಆಗಂಗಿಲ್ಲ. ಅದಕ್ಕ ನಾ ತೋಟದಾವ್ರಿಗೆ ವರ್ಷದ ಪ್ಲಾನ್ ಇಟ್ಟೀನಿ, ಹನ್ನೊಂದು ತಿಂಗಳದ್ದು ಕಟ್ಟಿದ್ರ ಹನ್ನೆರಡು ತಿಂಗಳು. ಬಿಲ್ ಬಂದ ವಾರದಾಗ ಹೋಗಿ ಕೇಳಬೇಕು, ತಡಾ ಮಾಡಿದ್ರ ಅದು ಗೊಬ್ಬರಕ್ಕೋ ಮದವಿಗೋ ಹೋಗಿರತೈತಿ. ನಿಮ್ಮಲ್ಲೆ ಒಣದ್ರಾಕ್ಷಿ ಮಾರೋ ಟೈಮಿಗೆ ಹಂಗ ಮಾಡ್ರಿ. ರೇಡಿಯೋ ಮಾತ್ರ ಡೆಪಾಸಿಟ್ ಇಲ್ಲದ ಹಚ್ಚಬ್ಯಾಡ್ರಿ, ಅಣ್ಣತಮ್ಮರಾದ್ರೂ ಬ್ಯಾಡ.

ತಿಕೋಟಾ_ಕಡೆಯಂವ

ಎಲ್ಲಾರಿಗೂ ಭಾಳ ಭಾಳ ಧನ್ಯವಾದ್ರಿ. ನಿನ್ನೆ ಸಂಜಿ ಟೇಬಲ್ ತಗದು ನೋಡಿದೆ, ಒಂದ ಸೆಕ್ಟರ್‌ನ್ಯಾಗ ಮೈನಸ್ 78, ಮೈನಸ್ 82 ಇರೋ ಮನಿ ಸಿಕ್ಕು, ಎರಡೂ ತೋಟದಾಗಿನವು, ಒಂದಕ್ಕ ಅಡ್ಡ ಹುಣಸಿ ಗಿಡ ಐತಿ. ಹನ್ನೊಂದು ನಿಮಿಷ ಆ ಎರಡೂ ಬಂದ್ ಮಾಡಿ ಟೆಸ್ಟ್ ಮಾಡಿದ್ರ ಉಳಿದಾವ್ರ ಪಿಂಗ್ (ಸಿಗ್ನಲ್ ಹೋಗಿ ತಿರುಗಿ ಬರೋ ಹೊತ್ತು) 200 ಮಿಲಿಸೆಕೆಂಡ್ ಇದ್ದದ್ದು 15ಕ್ಕ ಬಂತು, ಕಣ್ಣಾರೆ ನೋಡಿದೆ. ಪೈಪ್ ಎತ್ತರ ಮಾಡಾಕ ನಾಳೆ ಹೋಗ್ತೀನಿ. ಅರ್ಥಿಂಗೂ ಬೀಳಗಿ ಸರ್ ಹೇಳಿದಂಗ ಬ್ಯಾರೆ ಬ್ಯಾರೆ ಐತಿ, ಜೋಡಸ್ತೀನಿ.

ಇನ್ನೆರಡು ಮಾತು. ತೋಟದ ಕಡೆ ಒಂದು ರಿಲೇ ಟವರ್ ಐತಿ, ಅಲ್ಲೆ ಪಂಪ್‌ಸೆಟ್ ಲೈನ್ ಮ್ಯಾಲ ಕರೆಂಟ್, ಪಾಳಿ ಪ್ರಕಾರ ಬಂದು ಹೋಗತೈತಿ. ಇನ್ವರ್ಟರ್ ಇಟ್ಟೀನಿ, 150 ಎಎಚ್ ಬ್ಯಾಟರಿ, ಆದ್ರೂ ರಾತ್ರಿ ಪೂರ್ತಿ ಬರಂಗಿಲ್ಲ. ಮತ್ತ ಒಬ್ರು ಹೇಳಿದ್ರು, ಗಿರಾಕಿ ಲಾಗ್ (ಯಾರು ಯಾವಾಗ ನೆಟ್ ಬಳಸಿದ್ರು ಅನ್ನೋ ದಾಖಲೆ) ಎಲ್ಲಾ ಇಡಬೇಕು ಇಲ್ಲಂದ್ರ ಕೇಸ್ ಆಗತೈತಿ ಅಂತ, ಫ್ರಾಂಚೈಸಿಗೂ ಅದು ಬರ್ತೈತ್ಯಾ?

ಬೆಳಗಾವಿ_ನೆಟ್ವರ್ಕ್

ಲಾಗ್ ಬಗ್ಗೆ ನಾನು ಹೇಳ್ತೀನಿ, ಇದನ್ನ ಹಗುರವಾಗಿ ತಗೋಬೇಡಿ. ಲೈಸೆನ್ಸ್ ಶರತ್ತು 2021ರ ಡಿಸೆಂಬರ್‌ನಲ್ಲಿ ಬದಲಾಗಿ ದಾಖಲೆ ಎರಡು ವರ್ಷ ಇಡಬೇಕು ಅಂತ ಆಗಿದೆ, ಮೊದಲು ಒಂದು ವರ್ಷ ಇತ್ತು. ಜವಾಬ್ದಾರಿ ಲೈಸೆನ್ಸ್ ಇರೋ ಐಎಸ್‌ಪಿದು, ಆದ್ರೆ ನಿಮ್ಮ ರೂಟರ್‌ನಲ್ಲಿ ನ್ಯಾಟ್ (ಒಂದೇ ಐಪಿ ವಿಳಾಸವನ್ನ ಎಲ್ಲ ಮನೆಗೂ ಹಂಚೋದು) ಆಗ್ತಿದ್ರೆ ಅವರ ಹತ್ರ ಇರೋದು ನಿಮ್ಮ ಒಂದು ಪಬ್ಲಿಕ್ ಐಪಿ ಮಾತ್ರ, ಅದರ ಹಿಂದೆ ಯಾವ ಮನೆ ಇತ್ತು ಅಂತ ಗೊತ್ತಿರೋದು ನಿಮಗೆ ಮಾತ್ರ. ನಾಳೆ ಸೈಬರ್ ಠಾಣೆಯಿಂದ ಇಂಥ ಐಪಿ, ಇಂಥ ಪೋರ್ಟ್, ಇಂಥ ಟೈಮು ಯಾರು ಅಂತ ಪತ್ರ ಬಂದ್ರೆ ಉತ್ತರ ಕೊಡೋಕೆ ಬರ್ಬೇಕು, ಇಲ್ಲಾಂದ್ರೆ ನೂರಾನಲವತ್ತು ಮನೆಯವರ ಮೇಲೂ ಅನುಮಾನ. ಅದಕ್ಕೆ ಪ್ರತಿ ಮನೆಗೆ ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ನೆಟ್‌ಗೆ ಸೇರೋ ಪದ್ಧತಿ) ಯೂಸರ್‌ನೇಮ್ ಬೇರೆ ಕೊಡಿ, ನ್ಯಾಟ್ ಲಾಗ್ ಪೋರ್ಟ್ ಸಮೇತ ಒಂದು ಸಣ್ಣ ಸರ್ವರ್‌ಗೆ ಕಳಿಸಿ, ರೂಟರ್ ಗಡಿಯಾರ ಎನ್‌ಟಿಪಿಗೆ (ನೆಟ್ ಮೂಲಕ ಸರಿ ಟೈಮ್ ಕೊಡೋ ಸೇವೆ) ಹೊಂದಿಸಿ. ಗಡಿಯಾರ ಐದು ನಿಮಿಷ ತಪ್ಪಿದ್ರೂ ಬೇರೆಯವರ ಹೆಸರು ಬರುತ್ತೆ, ಅದು ಅನ್ಯಾಯ. ಪಿಪಿಪಿಓಇ ಇದ್ರೆ ಇನ್ನೊಂದು ಲಾಭ, ಗಿರಾಕಿ ವೈಫೈ ರೂಟರ್‌ಗೆ ವ್ಯಾನ್ ಬದಲು ಲ್ಯಾನ್ ಪೋರ್ಟ್‌ಗೆ ವೈರ್ ಚುಚ್ಚಿದಾಗ ಅದರ ಡಿಎಚ್‌ಸಿಪಿ (ಐಪಿ ವಿಳಾಸ ತಾನೇ ಹಂಚೋ ಸೇವೆ) ಊರೆಲ್ಲ ಹರಡಿ ಎಲ್ಲರ ನೆಟ್ ಹೋಗೋ ತಾಪತ್ರಯ ಇರಲ್ಲ.

ಮತ್ತೆ ಎಲ್ಲರಿಗೂ ಹೇಳೋದು, ಮನೆ ಬಳಕೆಯ ಫೈಬರ್ ಕನೆಕ್ಷನ್ ತಗೊಂಡು ಊರಿಗೆ ಹಂಚೋ ಹುಡುಗರು ಇದಾರೆ, ಅದು ಕಾನೂನುಬಾಹಿರ, ದಯವಿಟ್ಟು ಮಾಡಬೇಡಿ. ಐಎಸ್‌ಪಿ ಲೈಸೆನ್ಸ್‌ನಲ್ಲಿ ಎ ಅಂದ್ರೆ ಇಡೀ ದೇಶ, ಬಿ ಅಂದ್ರೆ ಒಂದು ಟೆಲಿಕಾಂ ಸರ್ಕಲ್, ಸಿ ಅಂದ್ರೆ ಒಂದು ಎಸ್‌ಎಸ್‌ಎ (ಟೆಲಿಫೋನ್ ಇಲಾಖೆಯ ವಿಭಾಗ), ಹೆಚ್ಚುಕಮ್ಮಿ ಒಂದು ಜಿಲ್ಲೆಯಷ್ಟು, ಅಂತ ನಡೆದು ಬಂದಿದೆ. ಇದು ಆಗಲ್ಲ ಅಂದ್ರೆ ತಿಕೋಟಾ ಅಣ್ಣನ ಹಾಗೆ ಫ್ರಾಂಚೈಸಿ. ಒಪ್ಪಂದ ಪೇಪರ್ ಮೇಲೆ ಇರಲಿ, ಗಿರಾಕಿ ಬಿಲ್ ಯಾರ ಹೆಸರಲ್ಲಿ ಹೋಗುತ್ತೆ, ಜಿಎಸ್‌ಟಿ ಯಾರು ಕಟ್ತಾರೆ ಸ್ಪಷ್ಟ ಇರಲಿ. 499 ರೂಪಾಯಿ ಅಂತ ತೆರಿಗೆ ಸೇರಿಸಿ ಹೇಳಿದ್ರೆ ಅದರಲ್ಲಿ 18 ಪರ್ಸೆಂಟ್ ಲೆಕ್ಕದಲ್ಲಿ 76 ರೂಪಾಯಿ ನಿಮ್ಮದಲ್ಲ, ಉಳಿದ 423ರಲ್ಲಿ ಐಎಸ್‌ಪಿ ಪಾಲು, ಟವರ್ ಬಾಡಿಗೆ, ಕರೆಂಟ್, ಹುಡುಗನ ಸಂಬಳ, ಪೆಟ್ರೋಲ್. ಒಂದು ಮನೆಗೆ ತಿಂಗಳಲ್ಲಿ ಎರಡು ಸಲ ರಿಪೇರಿಗೆ ಹೋದ್ರೆ ಆ ಮನೆಯಿಂದ ಏನೂ ಉಳಿಯಲ್ಲ. ಅದಕ್ಕೇ ನಾನೂ ಅಥಣಿಯವರ ಮಾತಿಗೆ, ದೂರದ ಹೊಸ ಊರಿಗಿಂತ ಇರೋ ಊರು ಗಟ್ಟಿ ಮಾಡ್ಕೊಳ್ಳಿ.

ಜಮಖಂಡಿ_ಟವರ್

ಬ್ಯಾಟರಿ ಲೆಕ್ಕ ಹಾಕೋಣ್ರಿ. 12 ವೋಲ್ಟ್ 150 ಎಎಚ್ ಅಂದ್ರ 1800 ವಾಟ್-ಅವರ್. ಲೆಡ್ ಆಸಿಡ್ ಅರ್ಧಕ್ಕಿಂತ ಕೆಳಗ ಇಳಸಬಾರ್ದು, ಇಳಿಸಿದ್ರ ಬ್ಯಾಟರಿ ಆಯುಷ್ಯ ಹೋಗತೈತಿ, ಅಂದ್ರ 900 ಉಳೀತು. ನಿಮ್ಮ ರಿಲೇದಾಗ ನಾಕು ರೇಡಿಯೋ ಒಂದು ಸ್ವಿಚ್ ಅಂದ್ರ 40 ವಾಟ್ ಹಿಡೀರಿ, 22 ತಾಸು ಬರಬೇಕು. ಬರವಲ್ದು ಯಾಕಂದ್ರ ಇನ್ವರ್ಟರ್ ತಾನ ಸುಮ್ನ ಕುಂತು 15-20 ವಾಟ್ ತಿಂತೈತಿ, 12 ವೋಲ್ಟ್ ತಗೊಂಡು 230 ಮಾಡಿ, ಮತ್ತ ಅಡಾಪ್ಟರ್ ಅದನ್ನ 24ಕ್ಕ ಇಳಸತೈತಿ, ಎರಡೂ ಕಡೆ ಸೋರಿಕಿ. ಇನ್ನ ಪಂಪ್‌ಸೆಟ್ ಲೈನ್ ಮ್ಯಾಲ ದಿನಕ್ಕ ಏಳೆಂಟು ತಾಸು ಕರೆಂಟ್ ಬಂದ್ರ ಬ್ಯಾಟರಿ ಪೂರ್ತಿ ತುಂಬೂದೂ ಇಲ್ಲ. ಇನ್ವರ್ಟರ್ ತಗದು ಹಾಕ್ರಿ. 24 ವೋಲ್ಟ್ ಬ್ಯಾಟರಿ ಜೋಡಿ, ನೇರ ಡಿಸಿ ಪಿಓಇ ಸ್ವಿಚ್ (ಲ್ಯಾನ್ ಕೇಬಲ್ ಒಳಗ ರೇಡಿಯೋಕ್ಕ ಕರೆಂಟೂ ಕೊಡೋದು), ಮ್ಯಾಲೊಂದು 300 ವಾಟ್ ಸೋಲಾರ್ ಪ್ಲೇಟ್, ಎಂಪಿಪಿಟಿ (ಪ್ಲೇಟ್‌ನಿಂದ ಆದಷ್ಟು ಹೆಚ್ಚು ಕರೆಂಟ್ ತಗಿಯೋ) ಚಾರ್ಜರ್. ನಮ್ಮ ಭಾಗದಾಗ ಬಿಸಿಲಿಗೇನು ಬರಗಾಲ ಇಲ್ಲ. ಸೋಲಾರ್ ಇದ್ರ ಕರೆಂಟ್ ಪಾಳಿ ಕೇಳೂದ ಬಿಟ್ಟು ಬಿಡ್ತೀರಿ, ಜುಲೈ-ಆಗಸ್ಟ್ ಮೋಡದ ದಿನಕ್ಕಷ್ಟ ಆ ಲೈನ್ ಇರ್ಲಿ.

ನಿಮ್ದು ಮೈಕ್ರೋಟಿಕ್ ರೂಟರ್ ಆಗಿ ಅದರ ಸಾಫ್ಟ್‌ವೇರ್ ವರ್ಶನ್ 7 ಇದ್ರ ಕ್ಯೂ ಟೈಪ್ (ಡೇಟಾ ಪಾಳಿ ಹಚ್ಚೋ ಪದ್ಧತಿ) ಎಫ್‌ಕ್ಯೂ ಕೋಡೆಲ್ ಇಲ್ಲಾ ಕೇಕ್ ಹಾಕ್ರಿ, ಒಂದು ಮನಿಯಾಗ ಒಬ್ಬ ಡೌನ್‌ಲೋಡ್ ಹಚ್ಚಿದ್ರೂ ಇನ್ನೊಬ್ಬನ ವಿಡಿಯೋ ಕಾಲ್ ಕಟ್ ಆಗಂಗಿಲ್ಲ.

ನಾಳೆ ಪೈಪ್ ಎತ್ತರ ಮಾಡಾಕ ಹೋಗ್ತೀನಿ ಅಂದ್ರೆಲ್ಲಾ, ಆ ತೋಟದ ಮ್ಯಾಲ 11 ಕೆವಿ ಲೈನ್ ಹೋಗೇತೇನು ಮೊದಲ ತಲಿ ಎತ್ತಿ ನೋಡ್ರಿ. ಇಪ್ಪತ್ತಡಿ ಕಬ್ಬಿಣ ಪೈಪ್ ನಿಂದ್ರಸೋವಾಗ ಗಾಳಿಗೆ ವಾಲಿ ತಂತಿಗೆ ಹತ್ತಿದ್ರ ಹಿಡದಾವ್ರು ಉಳಿಯಂಗಿಲ್ಲ. ಪೈಪ್ ಉದ್ದಕ್ಕಿಂತ ತಂತಿ ದೂರ ಇದ್ರ ಮಾತ್ರ ನಿಂದ್ರಸ್ರಿ, ಮೂರು ಕಡೆ ಸ್ಟೇ ವೈರ್ ಕಟ್ಟಾಕ ಮೂರು ಮಂದಿ ಕರಕೊಂಡು ಹೋಗ್ರಿ, ಟವರ್ ಹತ್ತಾಂವ ಹುಡುಗ ಬೆಲ್ಟ್ ಇಲ್ಲದ ಹತ್ತಬಾರ್ದು, ಮೋಡ ಕವದಿದ್ರ ಆ ದಿನ ಬ್ಯಾಡ ಅಂತ ಬಿಡ್ರಿ. ಹುಣಸಿ ಗಿಡದ ಮನಿಗೆ ಎತ್ತರ ಸಾಲದಿದ್ರ ಅವರ ಬಾವಿ ಕಡೆ ಬಯಲು ಐತೇನು ನೋಡ್ರಿ, ಅಲ್ಲೆ ರೇಡಿಯೋ ಹಾಕಿ ಮನಿಗೆ ಕೇಬಲ್ ಒಯ್ಬಹುದು, 100 ಮೀಟರ್ ಒಳಗ ಇದ್ರ ಲ್ಯಾನ್ ಕೇಬಲ್, ಅದಕ್ಕಿಂತ ಹೆಚ್ಚಾದ್ರ ಡ್ರಾಪ್ ಫೈಬರ್. ಆದ ಮ್ಯಾಲ ಸಿಗ್ನಲ್ ಎಷ್ಟ ಬಂತು ಇಲ್ಲೆ ಹಾಕ್ರಿ.